‘ಐ ಸ್ಟಿಲ್ ಬಿಲೀವ್’: ವಿಮರ್ಶಕರ ಅಂಕ, ವಿಶ್ವಾಸಿಗಳ ಕಣ್ಣೀರು

ಕೊರೊನಾದ ಭಯ ತುಸು ತಗ್ಗಿದ ದಿನಗಳವು. ನಾವು ಆಗ ಸೇವೆಯಲ್ಲಿದ್ದ ಗಡಿನಾಡಿನ ಧರ್ಮಕೇಂದ್ರದ ಯುವಜನರು ಒಂದು ಭಾನುವಾರ ಸಂಜೆ ಇಗರ್ಜಿಯ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಬೆಂಚುಗಳನ್ನು ದೂರ ದೂರ ಹಾಕಿದ್ದರು. ಚಿತ್ರದ ಹೆಸರು ‘ಐ ಸ್ಟಿಲ್ ಬಿಲೀವ್’, ಅಂದರೆ ‘ನಾನು ಈಗಲೂ ನಂಬುತ್ತೇನೆ’. ಮಾತು ಇಂಗ್ಲಿಷಿನದು. ಮೊಮ್ಮಕ್ಕಳು ಅಜ್ಜಿಯರ ಕಿವಿಯಲ್ಲಿ ಕನ್ನಡದಲ್ಲಿ, ಕೊಂಕಣಿಯಲ್ಲಿ ಕಥೆ ಹೇಳುತ್ತಿದ್ದರು. ಚಿತ್ರ ಮುಗಿದು ದೀಪ ಹಾಕಿದಾಗ ಹಲವರ ಕಣ್ಣು ಒದ್ದೆಯಾಗಿತ್ತು.

ಆದರೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಮಹಿಳೆ, ಚಿತ್ರ ಮುಗಿಯಲು ಕಾಲು ಗಂಟೆ ಇರುವಾಗಲೇ ಎದ್ದು ಹೊರಗೆ ಹೋಗಿದ್ದರು. ಅವರ ಪತಿ ತೀರಿಕೊಂಡು ಆಗ ಒಂದು ವರ್ಷ ತುಂಬಿತ್ತಷ್ಟೆ. ಅವರು ಎದ್ದು ಹೋದದ್ದೂ ಆ ಚಿತ್ರದ ಬಗ್ಗೆ ಒಂದು ವಿಮರ್ಶೆಯೇ ಎಂದು ನಮಗೆ ಅರ್ಥವಾಗಲು ಸ್ವಲ್ಪ ಕಾಲ ಬೇಕಾಯಿತು. ಆ ವಿಷಯಕ್ಕೆ ಬರುವ ಮೊದಲು ಚಿತ್ರದ ಬಗ್ಗೆ ಲೋಕ ಏನು ಹೇಳಿತೆಂದು ನೋಡೋಣ.

ಕಥೆ ನಿಜವಾದದ್ದು

ಜೆರೆಮಿ ಕ್ಯಾಂಪ್ ಅಮೆರಿಕದ ಇಂಡಿಯಾನಾ ರಾಜ್ಯದ ಲಾಫಯೆಟ್ ಊರಿನವರು, ಪಾದ್ರಿಯೊಬ್ಬರ ಮಗ, ಕ್ರೈಸ್ತ ಭಕ್ತಿಗೀತೆಗಳ ಗಾಯಕ. ಕ್ಯಾಲಿಫೋರ್ನಿಯಾದ ಬೈಬಲ್ ಕಾಲೇಜಿಗೆ ಓದಲು ಹೋದ ಕಾಲದಲ್ಲಿ ಮೆಲಿಸ್ಸಾ ಎಂಬ ಯುವತಿಯ ಪರಿಚಯವಾಯಿತು. ಅದು ಪ್ರೀತಿಯಾಗಿ ಬೆಳೆಯುವ ಹೊತ್ತಿಗೆ ಮೆಲಿಸ್ಸಾಳಿಗೆ ಅಂಡಾಶಯದ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಎಲ್ಲರೂ ಪ್ರಾರ್ಥಿಸಿದರು. ಚಿಕಿತ್ಸೆ ಫಲಿಸಿತು, ಕಾಯಿಲೆ ಹೋಯಿತೆಂದೇ ಎಲ್ಲರೂ ನಂಬಿದರು. 2000ದ ಅಕ್ಟೋಬರಿನಲ್ಲಿ ಇಬ್ಬರೂ ಮದುವೆಯಾದರು. ಹೊಸ ಮದುವೆಯ ಸಂಭ್ರಮ ಮುಗಿಯುವ ಮೊದಲೇ ಕಾಯಿಲೆ ಮರಳಿ ಬಂತು. 2001ರ ಫೆಬ್ರವರಿ 5ರಂದು ಮೆಲಿಸ್ಸಾ ತೀರಿಕೊಂಡಳು. ಆಗ ಅವಳ ವಯಸ್ಸು 21. ಅವರ ದಾಂಪತ್ಯ ನಾಲ್ಕು ತಿಂಗಳೂ ತುಂಬಲಿಲ್ಲ.

ಅವಳು ಹೋದ ಕೆಲವೇ ವಾರಗಳಲ್ಲಿ ಜೆರೆಮಿ ಗಿಟಾರ್ ಎತ್ತಿಕೊಂಡು ಒಂದು ಹಾಡು ಬರೆದರು. ಅದೇ ‘ಐ ಸ್ಟಿಲ್ ಬಿಲೀವ್’. 2002ರಲ್ಲಿ ಅದು ‘ಸ್ಟೇ’ ಎಂಬ ಅವರ ಆಲ್ಬಮ್ಮಿನಲ್ಲಿ ಹೊರಬಂತು. ಮುಂದೆ 2003ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಗಾಯಕಿ ಏಡ್ರಿಯನ್ ಅವರನ್ನು ಮದುವೆಯಾದರು.

ಇದೇ ಬದುಕನ್ನು ಆಂಡ್ರ್ಯೂ ಅರ್ವಿನ್ ಮತ್ತು ಜಾನ್ ಅರ್ವಿನ್ ಎಂಬ ಸಹೋದರರು ಸಿನಿಮಾ ಮಾಡಿದರು. 2018ರಲ್ಲಿ ಸುಮಾರು 70 ಲಕ್ಷ ಡಾಲರ್ ಖರ್ಚಿನಲ್ಲಿ ತಯಾರಾಗಿ, ಅಮೆರಿಕ ಒಂದರಲ್ಲೇ 8 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿದ ‘ಐ ಕ್ಯಾನ್ ಓನ್ಲಿ ಇಮ್ಯಾಜಿನ್’ ಚಿತ್ರ ಇವರದೇ. ಜೆರೆಮಿಯ ಪಾತ್ರದಲ್ಲಿ ನ್ಯೂಜಿಲೆಂಡಿನ ನಟ ಕೆ. ಜೆ. ಆಪಾ ಇದ್ದಾರೆ, ಹಾಡುಗಳನ್ನೂ ಅವರೇ ಹಾಡಿದ್ದಾರೆ. ಮೆಲಿಸ್ಸಾಳಾಗಿ ಬ್ರಿಟ್ ರಾಬರ್ಟ್‌ಸನ್, ತಂದೆಯಾಗಿ ಗ್ಯಾರಿ ಸಿನೀಸ್, ತಾಯಿಯಾಗಿ ಪ್ರಸಿದ್ಧ ಗಾಯಕಿ ಶನಾಯಾ ಟ್ವೈನ್ ನಟಿಸಿದ್ದಾರೆ.

ಚಿತ್ರ ಬಿಡುಗಡೆಯಾದದ್ದು 2020ರ ಮಾರ್ಚ್ 13ರಂದು. ಅದಕ್ಕೆ ಎರಡೇ ದಿನ ಮೊದಲು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಮಹಾಮಾರಿ ಎಂದು ಘೋಷಿಸಿತ್ತು. ಮೊದಲ ವಾರಾಂತ್ಯದಲ್ಲಿ ಸುಮಾರು 91 ಲಕ್ಷ ಡಾಲರ್ ಬಂತು. ಮುಂದಿನ ವಾರಾಂತ್ಯದ ಹೊತ್ತಿಗೆ ಚಿತ್ರಮಂದಿರಗಳೇ ಮುಚ್ಚಿದ್ದವು. ಮಾರ್ಚ್ 27ಕ್ಕೆ ಚಿತ್ರ ಮನೆಯಲ್ಲೇ ಹಣ ಕೊಟ್ಟು ನೋಡುವ ಹಾಗೆ ಬಂತು. ರೋಗದ ಮುಂದೆ ಪ್ರಾರ್ಥನೆ ಏನು ಮಾಡುತ್ತದೆ ಎಂದು ಕೇಳುವ ಚಿತ್ರವನ್ನು, ಇಡೀ ಲೋಕ ಅದೇ ಪ್ರಶ್ನೆ ಕೇಳುತ್ತಿದ್ದ ದಿನಗಳಲ್ಲಿ ಜನ ಬಾಗಿಲು ಮುಚ್ಚಿಕೊಂಡು ನೋಡಿದರು.

ಎರಡು ಬಗೆಯ ಅಂಕಪಟ್ಟಿ

ಅಮೆರಿಕದಲ್ಲಿ ಸಿನಿಮಾಕ್ಕೆ ಅಂಕ ಕೊಡುವ ಹಲವು ಕ್ರಮಗಳಿವೆ. ‘ರಾಟನ್ ಟೊಮೇಟೋಸ್’ ಎಂಬ ಜಾಲತಾಣ ಪತ್ರಿಕೆಗಳ ವಿಮರ್ಶೆಗಳನ್ನು ಒಟ್ಟುಗೂಡಿಸಿ, ನೂರರಲ್ಲಿ ಎಷ್ಟು ಮಂದಿ ವಿಮರ್ಶಕರು ಚಿತ್ರವನ್ನು ಮೆಚ್ಚಿದರು ಎಂದು ಹೇಳುತ್ತದೆ. ಇದು ಶಾಲೆಯ ಮಾರ್ಕಿನಂತಲ್ಲ. ಐವತ್ತು ಎಂದರೆ ಚಿತ್ರ ಅರ್ಧ ಚೆನ್ನಾಗಿದೆ ಎಂದಲ್ಲ, ಅರ್ಧದಷ್ಟು ವಿಮರ್ಶಕರು ನೋಡಬಹುದು ಎಂದಿದ್ದಾರೆ, ಉಳಿದವರು ಬೇಡ ಎಂದಿದ್ದಾರೆ ಎಂದು ಅರ್ಥ. ನಮ್ಮ ಈ ಚಿತ್ರಕ್ಕೆ ಸಿಕ್ಕಿದ್ದು ಸರಿಸುಮಾರು ಅಷ್ಟೇ. ವಿಮರ್ಶೆಗಳ ಸರಾಸರಿ ತೆಗೆಯುವ ‘ಮೆಟಾಕ್ರಿಟಿಕ್’ ನೂರಕ್ಕೆ ನಲವತ್ತರ ಆಸುಪಾಸಿನ ಅಂಕ ಕೊಟ್ಟಿತು.

ಇನ್ನೊಂದು ಕ್ರಮ ‘ಸಿನಿಮಾಸ್ಕೋರ್’. ಅವರ ಜನ ಬಿಡುಗಡೆಯ ದಿನ ಚಿತ್ರಮಂದಿರದ ಬಾಗಿಲಲ್ಲಿ ನಿಂತು, ಹೊರಬರುವ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ದರ್ಜೆ ಬರೆಸಿಕೊಳ್ಳುತ್ತಾರೆ. ಅಲ್ಲಿ ಈ ಚಿತ್ರಕ್ಕೆ ‘ಎ’ ದರ್ಜೆ ಬಂತು. ಅದೇ ರಾಟನ್ ಟೊಮೇಟೋಸಿನಲ್ಲಿ ಸಾಮಾನ್ಯ ಪ್ರೇಕ್ಷಕರ ಮೆಚ್ಚುಗೆ ನೂರಕ್ಕೆ ತೊಂಬತ್ತನ್ನೂ ದಾಟಿತು.

ಅರ್ಧ ಎಲ್ಲಿ, ತೊಂಬತ್ತು ಎಲ್ಲಿ! ‘ವಿಮರ್ಶಕರಿಗೆ ದೇವರೆಂದರೆ ಆಗುವುದಿಲ್ಲ, ಅದಕ್ಕೇ ಹೀಗೆ’ ಎಂದು ನಮ್ಮ ಯುವಕರೊಬ್ಬರು ಅಂದು ಸಭಾಂಗಣದಲ್ಲಿ ಹೇಳಿದರು. ನಾವೂ ತಲೆಯಾಡಿಸಿದೆವು. ಹಾಗೆ ತಲೆಯಾಡಿಸಿದ್ದು ಸರಿಯೇ ಎಂದು ಈಗ ಕೇಳಿಕೊಳ್ಳುತ್ತೇವೆ.

ವಿಮರ್ಶಕರು ಬರೆದದ್ದನ್ನು ಶಾಂತವಾಗಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಚಿತ್ರವನ್ನು ಒಪ್ಪದವರಲ್ಲೂ ಹಲವರು ಆಪಾ ಮತ್ತು ರಾಬರ್ಟ್‌ಸನ್ ಅವರ ಅಭಿನಯವನ್ನು ಮೆಚ್ಚಿದ್ದಾರೆ. ಪ್ರಾರ್ಥಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂಬ ಸುಲಭದ ಪಾಠವನ್ನು ಚಿತ್ರ ಹೇಳುವುದಿಲ್ಲ, ಸಾವನ್ನು ಸಾವೆಂದೇ ತೋರಿಸುತ್ತದೆ ಎಂಬುದನ್ನು ಗುರುತಿಸಿದವರಿದ್ದಾರೆ. ಅವರ ಆಕ್ಷೇಪ ಬೇರೆ ಕಡೆ. ಕಥೆ ಎತ್ತ ಹೋಗುತ್ತದೆಂದು ಮೊದಲೇ ಗೊತ್ತಾಗುತ್ತದೆ. ಕಣ್ಣೀರು ತರಿಸುವ ಕಡೆ ಸಂಗೀತ ಜೋರಾಗುತ್ತದೆ. ಮೆಲಿಸ್ಸಾ ಒಬ್ಬ ಹೆಣ್ಣುಮಗಳಾಗಿ ಕಾಣುವುದಕ್ಕಿಂತ ಹೆಚ್ಚಾಗಿ ಸಂತಳಂತೆ ಕಾಣುತ್ತಾಳೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಭಾಗದ ಅವಸರ. ಪತ್ನಿಯ ಸಾವು, ದೇವರ ಮೇಲಿನ ಸಿಟ್ಟು, ಸಿಟ್ಟಿನಲ್ಲಿ ಗಿಟಾರ್ ಒಡೆಯುವುದು, ಹೊಸ ಹಾಡು, ಹೊಸ ಭೇಟಿ ಎಲ್ಲವೂ ಒಂದರ ಹಿಂದೆ ಒಂದು ಓಡಿ ಬರುತ್ತವೆ. ಆ ದುಃಖದಲ್ಲಿ ನಿಲ್ಲಲು ಚಿತ್ರಕ್ಕೆ ಪುರುಸೊತ್ತಿಲ್ಲ.

ಇವುಗಳಲ್ಲಿ ದೇವರನ್ನು ಹಳಿಯುವ ಮಾತು ಎಲ್ಲಿದೆ?

ಇನ್ನು ಪ್ರೇಕ್ಷಕರ ‘ಎ’ ದರ್ಜೆಯನ್ನೂ ಅದರ ಜಾಗದಲ್ಲಿಟ್ಟು ನೋಡಬೇಕು. ಬಿಡುಗಡೆಯ ದಿನವೇ ಟಿಕೆಟ್ ಕೊಂಡು ಹೋದವರು ಯಾರು? ಜೆರೆಮಿಯ ಹಾಡು ಕೇಳಿ ಬೆಳೆದವರು, ತಮ್ಮ ಸಭೆಯ ಗುಂಪಿನೊಂದಿಗೆ ಬಂದವರು, ಇಂಥ ಚಿತ್ರ ಬೇಕೆಂದು ಕಾದವರು. ಅವರ ಕಣ್ಣೀರು ಸುಳ್ಳಲ್ಲ. ತಮ್ಮ ಮನೆಯ ನೋವನ್ನು ಪರದೆಯ ಮೇಲೆ ಕಂಡು ಅತ್ತವರು ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಆದರೆ ಮದುವೆ ಮನೆಯ ಊಟಕ್ಕೆ ನೆಂಟರು ಕೊಡುವ ಅಂಕದ ಹಾಗೆ ಅದು. ಪ್ರೀತಿಯಿಂದ ಕೊಟ್ಟದ್ದು, ಆದರೆ ಉಪ್ಪು ಕಡಿಮೆಯಿತ್ತೇ ಎಂದು ತಿಳಿಯಲು ಅದೊಂದೇ ಸಾಲದು.

ಹಳೆಯ ಜಗಳ

ಈ ಜಗಳ ಹೊಸತಲ್ಲ. ನಮ್ಮಲ್ಲಿ ಹಿರಿಯರಾದವರೆಲ್ಲ ನೋಡಿರುವ ‘ದಿ ಸೌಂಡ್ ಆಫ್ ಮ್ಯೂಸಿಕ್’ 1965ರಲ್ಲಿ ಬಂದಾಗಲೂ ಹೀಗೆಯೇ ಆಯಿತು. ಆಸ್ಟ್ರಿಯಾದ ಸಾಲ್ಜ್‌ಬರ್ಗಿನ ಕನ್ಯಾಮಠದಿಂದ ಹೊರಬಂದ ಮರಿಯಾ, ಮಕ್ಕಳು, ಹಾಡು, ಪ್ರೇಮ, ಮದುವೆ. ನ್ಯೂಯಾರ್ಕಿನ ದೊಡ್ಡ ವಿಮರ್ಶಕರಿಗೆ ಅದು ತೀರಾ ಸಿಹಿ ಎನಿಸಿತು. ಪಾಲಿನ್ ಕೇಲ್ ಎಂಬ ಹೆಸರಾಂತ ವಿಮರ್ಶಕಿ ಅದನ್ನು ಕಟುವಾಗಿ ಟೀಕಿಸಿದರು. ಜನ ಮಾತ್ರ ಮತ್ತೆ ಮತ್ತೆ ಹೋಗಿ ನೋಡಿದರು. ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಬಂದವು.

ಹಾಗಾದರೆ ವಿಮರ್ಶಕರು ಭಕ್ತಿಗೆ ವಿರೋಧಿಗಳೇ? ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ 1955ರಲ್ಲಿ ‘ಓರ್ಡೆಟ್’ ಎಂಬ ಚಿತ್ರ ಮಾಡಿದರು. ‘ವಾಕ್ಯ’ ಎಂದು ಆ ಹೆಸರಿನ ಅರ್ಥ. ಹೆರಿಗೆಯಲ್ಲಿ ತೀರಿಕೊಂಡ ತಾಯಿ ಶವಪೆಟ್ಟಿಗೆಯಿಂದ ಏಳುತ್ತಾಳೆ. ಇದಕ್ಕಿಂತ ದೊಡ್ಡ ಪವಾಡ ಯಾವ ಸಿನಿಮಾದಲ್ಲಿದೆ? ಆದರೂ ವೆನಿಸ್ ಚಿತ್ರೋತ್ಸವ ಅದಕ್ಕೆ ತನ್ನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹವನ್ನು ಕೊಟ್ಟಿತು. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಚಿತ್ರಗಳ ಪಟ್ಟಿಯಲ್ಲೂ ಅದು ಇದೆ. ಪವಾಡವನ್ನು ಕಂಡು ಯಾರೂ ನಗಲಿಲ್ಲ. ಏಕೆಂದರೆ ಆ ಚಿತ್ರ ಪವಾಡಕ್ಕೆ ಮೊದಲು ಆ ಮನೆಯ ದುಃಖದಲ್ಲಿ ಬಹಳ ಹೊತ್ತು ಕುಳಿತುಕೊಳ್ಳುತ್ತದೆ. ಗಂಡ ಅಳುತ್ತಾನೆ, ಮಾವ ಮೌನವಾಗುತ್ತಾನೆ. ಆ ಮೌನವನ್ನು ನಾವೂ ಅನುಭವಿಸಿದ ಮೇಲೆಯೇ ಅವಳ ಕೈ ಅಲುಗುತ್ತದೆ.

ಆದ್ದರಿಂದ ಆಕ್ಷೇಪ ನಂಬಿಕೆಯ ಮೇಲಲ್ಲ. ನಂಬಿಕೆಗೆ ತಲುಪುವ ಅವಸರದ ಮೇಲೆ.

ಹಿಂದಿನ ಸಾಲಿನ ವಿಮರ್ಶೆ

ಈಗ ಆ ಮಹಿಳೆಯ ವಿಷಯಕ್ಕೆ ಬರೋಣ. ಗಡಿನಾಡಿನ ನಮ್ಮ ಜನ ದೊಡ್ಡ ಕಾಯಿಲೆ ಬಂದರೆ ಮಂಗಳೂರನ್ನೇ ನಂಬಿದವರು ಎಂಬುದು ನಿಮಗೆ ಗೊತ್ತು. ಅವರ ಪತಿಯ ಚಿಕಿತ್ಸೆಯೂ ಅಲ್ಲಿಯೇ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿತು. ಆ ದಿನಗಳಲ್ಲಿ ಎಷ್ಟು ಮನೆಗಳು ಜಪಸರ ಹಿಡಿದು ಕಾದವೋ ದೇವರಿಗೇ ಗೊತ್ತು. ದಾರಿ ತೆರೆದ ಮೇಲೆ ಅವರು ಹೋದರು, ಬಂದರು, ಮತ್ತೆ ಹೋದರು. ಕೆಲವು ತಿಂಗಳ ನಂತರ ಪತಿ ತೀರಿಕೊಂಡರು. ಆ ತಪ್ಪಿದ ವಾರಗಳಿಂದ ವ್ಯತ್ಯಾಸವಾಯಿತೋ ಇಲ್ಲವೋ ಯಾರೂ ಹೇಳಲಾರರು. ಆ ಪ್ರಶ್ನೆ ಮಾತ್ರ ಅವರ ಮನೆಯಲ್ಲಿ ಉಳಿಯಿತು.

ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನ. ಹಾಡಲು ಗಾಯನ ವೃಂದವೂ ಇರಲಿಲ್ಲ. ಆ ವೃಂದದಲ್ಲಿ ಇಪ್ಪತ್ತು ವರ್ಷ ಹಾಡಿದವರು ಅವರೇ. ಅಂದು ನಾವು ಅವರಿಗೆ ಹೇಳಿದ್ದು ಒಂದೇ ಮಾತು: ‘ದೇವರ ಚಿತ್ತ, ಧೈರ್ಯ ತಂದುಕೊಳ್ಳಿ.’ ಗುರುಮಠದಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ ಓದಿದ ನಮಗೆ ಸಮಾಧಿಯ ಬಳಿ ಹೊಳೆದದ್ದು ಅಷ್ಟೇ.

ಸಿನಿಮಾದ ಮರುದಿನ ಬೆಳಗ್ಗಿನ ಪೂಜೆಯ ನಂತರ ಅವರನ್ನು ಕಂಡು, ನಿನ್ನೆ ಯಾಕೆ ಎದ್ದು ಹೋದಿರಿ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಸಿನಿಮಾ ಒಳ್ಳೇದೇ ಉಂಟು ಫಾದರ್. ಆ ಹುಡುಗಿಯನ್ನು ನೋಡಿ ನಾನೂ ಅತ್ತೆ. ಆದರೆ ಅವಳು ಸತ್ತು ಹತ್ತು ನಿಮಿಷ ಆಗ್ಲಿಲ್ಲ, ಅವನಿಗೆ ಹಾಡ್ಲಿಕ್ಕೆ ಆಯ್ತು. ನನಗೆ ಪೂಜೆಯಲ್ಲಿ ಹಾಡು ಶುರುವಾದ್ರೆ ಈಗ್ಲೂ ಸ್ವರ ಬರುದಿಲ್ಲ. ಹಾಗಾದ್ರೆ ನನಗೆ ವಿಶ್ವಾಸ ಕಮ್ಮಿಯಾ ಅಂತ ಹೆದರಿಕೆ ಆಯ್ತು. ಅದಕ್ಕೆ ಹೊರಗೆ ಬಂದೆ.”

ಪ್ರಿಯ ಓದುಗರೇ, ಅಮೆರಿಕದ ವಿಮರ್ಶಕರು ಬರೆದದ್ದನ್ನೇ ಈ ತಾಯಿ ತಮ್ಮ ಬದುಕಿನಿಂದ ಹೇಳಿದರು. ವಿಮರ್ಶಕರು ಅದನ್ನು ಕಥೆ ಹೆಣೆಯುವುದರಲ್ಲಿನ ದೋಷ ಎಂದರು. ಅವರಿಗೆ ಅದು ಎದೆಗೆ ಚುಚ್ಚಿದ ಮುಳ್ಳಾಯಿತು. ಜೆರೆಮಿ ನಿಜ ಬದುಕಿನಲ್ಲಿ ವರ್ಷಗಳನ್ನು ಕಳೆದು ದಾಟಿದ ದಾರಿಯನ್ನು ಎರಡು ತಾಸಿನ ಸಿನಿಮಾ ಕೆಲವು ನಿಮಿಷಗಳಲ್ಲಿ ದಾಟಿಸಿತು. ಕಲೆಯಲ್ಲಿ ಅದು ಸಣ್ಣ ತಪ್ಪಿರಬಹುದು. ದುಃಖದಲ್ಲಿರುವವರಿಗೆ ಅದು ಒಂದು ಆರೋಪವಾಗಿ ಕೇಳಿಸುತ್ತದೆ. ಸಮಾಧಿಯ ಬಳಿ ನಾವು ಆಡಿದ ಮಾತೂ ಅದೇ ಅವಸರದ್ದಲ್ಲವೇ?

ಪವಿತ್ರ ಗ್ರಂಥಕ್ಕೆ ಅವಸರವಿಲ್ಲ

ಯೋಬನ ಮಿತ್ರರು ಬಂದಾಗ ಮೊದಲು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳಲು ಹೊರಟ ಮೇಲೆ ಕೆಟ್ಟಿತು. ಎಂಬತ್ತೆಂಟನೆಯ ಕೀರ್ತನೆ ಮೊದಲಿನಿಂದ ಕೊನೆಯವರೆಗೆ ಮೊರೆಯೇ. ಕೊನೆಯ ಸಾಲಿನಲ್ಲೂ ಕತ್ತಲೆಯೇ. ಆದರೂ ಅದು ಪ್ರಾರ್ಥನೆ, ಧರ್ಮಸಭೆ ಅದನ್ನು ಇಂದಿಗೂ ಜಪಿಸುತ್ತದೆ. ಲಾಜರನನ್ನು ಎಬ್ಬಿಸುತ್ತೇನೆಂದು ತಿಳಿದಿದ್ದ ಯೇಸುಸ್ವಾಮಿಯೂ ಮೊದಲು ಆ ಅಕ್ಕತಂಗಿಯರ ಜೊತೆ ಅತ್ತರು. ಸಂತ ಪೌಲರು ತಮ್ಮ ಮುಳ್ಳನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿದರು. ಮುಳ್ಳು ಹೋಗಲಿಲ್ಲ, ಅದನ್ನು ಸಹಿಸುವ ಕೃಪೆ ಬಂತು. ಶುಭ ಶುಕ್ರವಾರಕ್ಕೂ ಪುನರುತ್ಥಾನಕ್ಕೂ ನಡುವೆ ಪವಿತ್ರ ಶನಿವಾರ ಎಂಬ ಒಂದು ಇಡೀ ದಿನವಿದೆ. ಅಂದು ಪೀಠ ಬರಿದಾಗಿರುತ್ತದೆ. ಅದನ್ನು ಹಾರಿ ಹೋಗುವ ಅಪ್ಪಣೆ ನಮಗಿಲ್ಲ.

ಸಂತ ಎರಡನೆಯ ಜಾನ್ ಪೌಲರು 1984ರ ಫೆಬ್ರವರಿ 11ರಂದು ನರಳಾಟದ ಕ್ರೈಸ್ತ ಅರ್ಥವನ್ನು ಕುರಿತು ‘ಸಾಲ್ವಿಫಿಚಿ ದೊಲೋರಿಸ್’ ಎಂಬ ಪತ್ರ ಬರೆದರು. ನರಳುವವನಿಗೆ ಕ್ರಿಸ್ತರು ಕಾರಣಗಳ ವಿವರಣೆ ಕೊಡುವುದಿಲ್ಲ, ತಮ್ಮ ಹಿಂದೆ ಬರಲು ಕರೆಯುತ್ತಾರೆ ಎಂಬುದು ಅದರಲ್ಲಿನ ಒಂದು ಮುಖ್ಯ ವಿಚಾರ. ಉತ್ತರ ನಿಧಾನವಾಗಿ, ನಡೆಯುತ್ತಾ ನಡೆಯುತ್ತಾ ಒಳಗೆ ಬೆಳೆಯುತ್ತದೆ.

ನಮ್ಮ ಕಥೋಲಿಕ ಸಂಪ್ರದಾಯ ಈ ನಿಧಾನಕ್ಕೆ ಜಾಗ ಮಾಡಿಕೊಟ್ಟಿದೆ. ಚಿತ್ರದ ಕುಟುಂಬ ಬೇರೆ ಸಭೆಯದು, ಅವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಅವರ ಕಥೆಯಲ್ಲಿ ಕಾಣದ ಕೆಲವು ವಿಷಯಗಳು ನಮ್ಮ ಮನೆಗಳಲ್ಲಿವೆ. ರೋಗಿಯ ಹಣೆಗೂ ಕೈಗೂ ಎಣ್ಣೆ ಹಚ್ಚುವ ಸಂಸ್ಕಾರವಿದೆ. ಏಳನೆಯ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ, ನವೆಂಬರ್ 2ರಂದು ಸಮಾಧಿಗಳ ಆಶೀರ್ವಾದ. ಹೋದವರ ಹೆಸರನ್ನು ಮತ್ತೆ ಮತ್ತೆ ಕರೆಯಲು ಧರ್ಮಸಭೆ ನಮಗೆ ದಿನಗಳನ್ನು ಗೊತ್ತುಮಾಡಿದೆ. ‘ಇನ್ನೂ ಅಳುತ್ತಿದ್ದೀಯಾ?’ ಎಂದು ಅದು ಕೇಳುವುದಿಲ್ಲ. ಕಾಸರಗೋಡಿನ ನಮ್ಮ ಬೇಳದ ಇಗರ್ಜಿ ವ್ಯಾಕುಲ ಮಾತೆಗೆ ಅರ್ಪಿತವಾದದ್ದು. ಮಗನನ್ನು ಕಳೆದುಕೊಂಡ ತಾಯಿಯ ಬಳಿ ಹೋಗಿ ನಿಲ್ಲುವ ಜನ ನಾವು. ಆ ತಾಯಿ ಶಿಲುಬೆಯ ಕೆಳಗೆ ನಿಂತಳು. ಹಾಡಿದಳು ಎಂದು ಶುಭಸಂದೇಶದಲ್ಲಿ ಎಲ್ಲಿಯೂ ಬರೆದಿಲ್ಲ.

ಮನೆಯಲ್ಲಿ ನೋಡುವಾಗ

ಹಾಗಾದರೆ ಈ ಚಿತ್ರ ನೋಡಬಾರದೇ? ಖಂಡಿತ ನೋಡಬಹುದು. ಮದುವೆಯ ಪ್ರತಿಜ್ಞೆ ಎಂದರೆ ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುವುದು ಎಂದು ನಮ್ಮ ಯುವಕ ಯುವತಿಯರಿಗೆ ಇಷ್ಟು ನೇರವಾಗಿ ಹೇಳುವ ಪ್ರೇಮಕಥೆಗಳು ಕಡಿಮೆ. ಕಾಯಿಲೆಯ ಹುಡುಗಿಯನ್ನು ಬಿಟ್ಟು ಹೋಗಲು ದಾರಿಯಿದ್ದೂ ಹೋಗದ ಹುಡುಗನ ಕಥೆ ಅದು. ಬೇಡಿದ್ದು ಸಿಗದೆಯೂ ವಿಶ್ವಾಸ ಬದುಕಬಹುದು ಎಂದು ಧೈರ್ಯವಾಗಿ ಹೇಳುತ್ತದೆ. ಇಷ್ಟಕ್ಕೆ ಆ ಸಹೋದರರಿಗೆ ನಾವು ಕೃತಜ್ಞರು.

ಆದರೆ ನೋಡುವ ರೀತಿ ಕಲಿಯಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ‘ಇಂತೆರ್ ಮಿರಿಫಿಕಾ’ ಎಂಬ ಶಾಸನ, ನೋಡುವವರಿಗೂ ಹೊಣೆಯಿದೆ, ವಿವೇಚಿಸಿ ಆರಿಸಿಕೊಳ್ಳಬೇಕು ಎಂದು ಕಲಿಸಿತು. ಒಳ್ಳೆಯ ನೀತಿಯ ಜೊತೆಗೆ ಒಳ್ಳೆಯ ಕಲೆಯನ್ನೂ ಅದು ಎಣಿಸಿತು. ದೇವರ ಹೆಸರು ಬಂತೆಂದ ಮಾತ್ರಕ್ಕೆ ಚಿತ್ರಕ್ಕೆ ಪೂರ್ತಿ ಅಂಕ ಕೊಡಬೇಕಾಗಿಲ್ಲ. ದೋಷ ಹೇಳಿದವರೆಲ್ಲ ವಿಶ್ವಾಸದ ಶತ್ರುಗಳೂ ಅಲ್ಲ.

ಮಕ್ಕಳ ಜೊತೆ ನೋಡಿದರೆ ಮುಗಿದ ಕೂಡಲೇ ಟಿ.ವಿ. ಆರಿಸಿ ಮಲಗಬೇಡಿ. ಮೆಲಿಸ್ಸಾ ಹೋದ ಮೇಲಿನ ಆ ದಿನಗಳು ಅವನಿಗೆ ಹೇಗಿದ್ದಿರಬಹುದು, ಚಿತ್ರ ತೋರಿಸದೆ ಬಿಟ್ಟದ್ದೇನು ಎಂದು ಕೇಳಿ. ನಿಮ್ಮ ಕುಟುಂಬದಲ್ಲಿ ಹೋದವರ ಹೆಸರು ತನ್ನಿಂದ ತಾನೇ ಬರುತ್ತದೆ. ಆಗ ಯಾರಾದರೂ ಅತ್ತರೆ ಸಮಾಧಾನ ಹೇಳಲು ಓಡಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಕೊನೆಗೆ ಆ ಹೆಸರಿಗಾಗಿ ಒಂದು ನಮೋ ಮರಿಯಾ ಹೇಳಿ.

ಆ ಮಹಿಳೆಯ ಮಾತಿಗೆ ನಾವು ಅಂದು ಉತ್ತರ ಕೊಡಲಿಲ್ಲ. ಸಮಾಧಿಯ ಬಳಿ ಹೇಳಿದ ಮಾತಿಗೆ ಕ್ಷಮೆ ಕೇಳಿದೆವು, ಅಷ್ಟೆ. ಮುಂದಿನ ಭಾನುವಾರ ಗಾಯನ ವೃಂದದವರಿಗೆ ಅವರ ಜಾಗ ಖಾಲಿ ಇಟ್ಟಿರಲು ಹೇಳಿದೆವು. ಕೆಲವು ತಿಂಗಳ ಮೇಲೆ ಅವರು ಬಂದು ಅಲ್ಲಿ ನಿಲ್ಲತೊಡಗಿದರು.

ಆ ಇಗರ್ಜಿಯಿಂದ ನಮಗೆ ವರ್ಗವಾಗಿ ಈಗ ಕಾಲವಾಯಿತು. ಕಳೆದ ಹಬ್ಬಕ್ಕೆ ಹೋದಾಗ ಅವರನ್ನು ಕಂಡೆವು. ಕೆಲವು ಹಾಡುಗಳನ್ನು ಎಲ್ಲರ ಜೊತೆ ಹಾಡಿದರು. ಒಂದು ಹಾಡಿಗೆ ಮಾತ್ರ ಪುಸ್ತಕ ತೆರೆದು ಹಿಡಿದು ಸುಮ್ಮನೆ ನಿಂತರು. ಪಕ್ಕದವರು ತಿರುಗಿ ನೋಡಲಿಲ್ಲ, ತಮ್ಮ ಪಾಡಿಗೆ ಹಾಡಿದರು. ಅವರ ಪಾಲಿನದನ್ನೂ ಸೇರಿಸಿ ಹಾಡುತ್ತಿದ್ದಾರೆ ಎಂದು ನಮಗೆ ಅನಿಸಿತು.